ಸೊಂಟದ ಕೆಳಗಿನ ಮೆತ್ತನೆ ಗಂಟುಗಳು

ಆರೋಗ್ಯ ಪ್ರಶ್ನೋತ್ತರ

ನರಹುಲಿ ಮತ್ತು ಕೊಬ್ಬಿನ ಗಡ್ಡೆಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಮೈಸೂರು, ಮಂಡ್ಯ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಕೆಲವು ನರಹುಲಿಯೂ ಅಲ್ಲದ, ಸಾಮಾನ್ಯ ಕೊಬ್ಬಿನ ಗಡ್ಡೆಯೂ ಅಲ್ಲದ ಒಂದು ಅಪರೂಪದ ಬೆಳವಣಿಗೆಯ ಸುತ್ತ ಇದ್ದವು. ಅವನ್ನು ಒಟ್ಟಿಗೆ ತೆಗೆದುಕೊಂಡಿದ್ದೇವೆ. ಚರ್ಮರೋಗ ಮತ್ತು ಶಸ್ತ್ರಚಿಕಿತ್ಸಾ ವಿಭಾಗದ ವೈದ್ಯರು ಉತ್ತರಿಸಿದ್ದಾರೆ.

ಪ್ರಶ್ನೆ: ನನ್ನ ಮಗಳಿಗೆ 17 ವರ್ಷ. ಐದಾರು ವರ್ಷದವಳಿದ್ದಾಗ ಎಡಗಡೆ ಸೊಂಟದ ಕೆಳಗೆ, ಪಿರ್ರೆಯ ಮೇಲ್ಭಾಗದಲ್ಲಿ ಸಣ್ಣ ಗುಳ್ಳೆಗಳಂತೆ ಕಾಣಿಸಿಕೊಂಡವು. ಈಗ ಅಂಗೈ ಅಗಲ ಗುಂಪಾಗಿವೆ. ಕೆಲವು ಒಂದಕ್ಕೊಂದು ಕೂಡಿಕೊಂಡು ಮಡಿಕೆ ಮಡಿಕೆಯಾಗಿವೆ. ನೋವಿಲ್ಲ, ತುರಿಕೆ ಇಲ್ಲ. ಮೆಡಿಕಲ್ ಸ್ಟೋರಿನಲ್ಲಿ ನರಹುಲಿ ಎಂದು ಪೇಂಟ್ ಕೊಟ್ಟರು. ತಿಂಗಳುಗಟ್ಟಲೆ ಹಚ್ಚಿದರೂ ಚರ್ಮ ಸುಲಿಯಿತೇ ಹೊರತು ಗಂಟು ಹೋಗಲಿಲ್ಲ. ನಮ್ಮತ್ತೆಯವರು ಚಿಕ್ಕಂದಿನಲ್ಲಿ ಸರ್ಪಸುತ್ತು ಆಗಿದ್ದರ ಗುರುತು ಅನ್ನುತ್ತಾರೆ. ಇದು ಏನು?
(ಒಬ್ಬ ತಾಯಿ, ಮಂಡ್ಯ ತಾಲೂಕು)

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಸುಳಿವುಗಳಿವೆ. ಬಾಲ್ಯದಲ್ಲಿ ಶುರುವಾಗಿದೆ, ಒಂದೇ ಪಕ್ಕದಲ್ಲಿದೆ, ಗುಂಪಾಗಿದೆ, ವರ್ಷಗಟ್ಟಲೆ ನಿಧಾನವಾಗಿ ಬೆಳೆದಿದೆ. ಜೊತೆಗೆ, ಇರುವ ಜಾಗವೂ ಸೊಂಟ ಮತ್ತು ಪಿರ್ರೆ. ಇಷ್ಟೂ ಸೇರಿದಾಗ ಚರ್ಮದ ಡಾಕ್ಟರಿಗೆ ಮೊದಲು ಬರುವ ಅನುಮಾನ ನೀವಸ್ ಲಿಪೊಮಟೋಸಸ್ ಕ್ಯುಟೇನಿಯಸ್ ಸೂಪರ್‌ಫಿಷಿಯಾಲಿಸ್. ಹೆಸರು ಉದ್ದ, ಕಾಯಿಲೆ ಸಾಧು. ಹಾಫ್‌ಮನ್ ಮತ್ತು ಜುರ್‌ಹೆಲ್ ಎಂಬ ವೈದ್ಯರು 1921ರಲ್ಲಿ ಇದನ್ನು ಮೊದಲು ವರ್ಣಿಸಿದರು. ಈ ಅಂಕಣದಲ್ಲಿ ‘ಕೊಬ್ಬಿನ ಮಚ್ಚೆ’ ಎಂದು ಕರೆಯುತ್ತೇವೆ.

ನಡೆದಿರುವುದು ಇಷ್ಟು. ಮೇಲಿನ ತೆಳು ಹೊದಿಕೆ ಎಪಿಡರ್ಮಿಸ್, ಅದರ ಕೆಳಗೆ ಗಟ್ಟಿಯಾದ ಡರ್ಮಿಸ್, ಅದರ ಕೆಳಗೆ ಕೊಬ್ಬು. ಇದು ಚರ್ಮದ ಸಹಜ ಜೋಡಣೆ. ಕೊಬ್ಬಿನ ಮಚ್ಚೆಯಲ್ಲಿ ಪೂರ್ತಿ ಬೆಳೆದ, ಸಹಜವಾದ ಕೊಬ್ಬಿನ ಕೋಶಗಳೇ ಇರುತ್ತವೆ. ಆದರೆ ಅವು ಇರಬಾರದ ಕಡೆ, ಅಂದರೆ ಡರ್ಮಿಸ್ ಒಳಗೆ ಗುಂಪುಗುಂಪಾಗಿ ಕೂತಿರುತ್ತವೆ. ಆದ್ದರಿಂದಲೇ ಗಂಟುಗಳು ಮೆತ್ತಗೆ, ಚರ್ಮದ ಬಣ್ಣದಲ್ಲಿ ಅಥವಾ ತುಸು ಹಳದಿಯಾಗಿ ಕಾಣುತ್ತವೆ. ಮೇಲ್ಮೈ ಕೆಲವೊಮ್ಮೆ ನುಣ್ಣಗಿರುತ್ತದೆ, ಕೆಲವೊಮ್ಮೆ ಮಿದುಳಿನಂತೆ ಮಡಿಕೆ ಬಿದ್ದಿರುತ್ತದೆ. ಮಧ್ಯೆ ಮಧ್ಯೆ ಕಪ್ಪು ತಲೆಯ ಮೊಡವೆಯಂಥ ಚುಕ್ಕೆಗಳೂ ಇರಬಹುದು. ಈ ಗುಂಪಿನ ಬಗೆ ಸಾಮಾನ್ಯವಾಗಿ ಹುಟ್ಟಿನಿಂದಲೇ ಅಥವಾ 20 ವರ್ಷದೊಳಗೆ ಕಾಣಿಸುತ್ತದೆ. ಸೊಂಟ, ಪಿರ್ರೆ, ತೊಡೆಯ ಮೇಲ್ಭಾಗದಲ್ಲಿ ಪಟ್ಟಿಯಂತೆ ಹರಡಿ ಬೆನ್ನುಮೂಳೆಯ ನಡುಗೆರೆಯ ಹತ್ತಿರ ಬಂದು ನಿಲ್ಲುವುದೇ ಹೆಚ್ಚು, ಆಚೆ ದಾಟುವುದು ಕಡಿಮೆ.

ನಿಮ್ಮ ಅತ್ತೆಯವರಿಗೆ ಸರ್ಪಸುತ್ತು ನೆನಪಾದದ್ದು ಈ ಪಟ್ಟಿಯ ಆಕಾರದಿಂದಲೇ ಇರಬೇಕು. ಆದರೆ ಸರ್ಪಸುತ್ತು ಉರಿ, ನೋವು, ನೀರ್ಗುಳ್ಳೆಗಳೊಂದಿಗೆ ಬಂದು ಕೆಲವು ವಾರಗಳಲ್ಲಿ ಒಣಗುತ್ತದೆ. ಅದು ಬಿಟ್ಟುಹೋಗುವ ಕಲೆ ಹೀಗೆ ವರ್ಷ ವರ್ಷವೂ ಬೆಳೆಯುವುದಿಲ್ಲ. ನರಹುಲಿಯೂ ಅಲ್ಲ. ನರಹುಲಿ ಒರಟಾಗಿರುತ್ತದೆ, ಮೇಲ್ಪದರ ಕೆರೆದರೆ ಸೂಜಿಮೊನೆಯಷ್ಟು ಕಪ್ಪು ಚುಕ್ಕೆಗಳು ಕಾಣುತ್ತವೆ. ಸ್ಯಾಲಿಸಿಲಿಕ್ ಆಮ್ಲದ ಪೇಂಟ್ ಕೆಲಸ ಮಾಡುವುದು ಚರ್ಮದ ತೀರಾ ಮೇಲಿನ ಪದರದ ಮೇಲೆ. ಕೊಬ್ಬು ಇರುವುದು ಅದರ ಕೆಳಗೆ. ಇನ್ನೂ ಒಂದು ವರ್ಷ ಹಚ್ಚಿದರೂ ಚರ್ಮ ಸುಲಿಯುತ್ತದೆ ಅಷ್ಟೆ. ನಿಲ್ಲಿಸಿಬಿಡಿ.

ಇದನ್ನು ಹೋಲುವ ಬೇರೆ ಬೆಳವಣಿಗೆಗಳಿವೆ. ಮುಖ್ಯವಾದದ್ದು ನ್ಯೂರೋಫೈಬ್ರೋಮಾ, ನರದ ಹೊದಿಕೆಯಿಂದ ಹುಟ್ಟುವ ಗಂಟು. ಅದೂ ಮೆತ್ತಗೇ ಇರುತ್ತದೆ. ಬೆರಳಿನಿಂದ ಒತ್ತಿದರೆ ಚರ್ಮದ ತೂತಿನೊಳಗೆ ಜಾರಿದಂತೆ ಒಳಕ್ಕೆ ಹೋಗಿ, ಬಿಟ್ಟರೆ ಮತ್ತೆ ಹೊರಗೆ ಬರುವುದು ಅದರ ಗುಣ. ಹಾಗಾಗಿ ಡಾಕ್ಟರ್ ಸೊಂಟವನ್ನಷ್ಟೇ ನೋಡಿ ಕಳಿಸಿದರೆ ಪರೀಕ್ಷೆ ಅರ್ಧ ಆದಂತೆ. ಮೈಯೆಲ್ಲ ನೋಡಬೇಕು. ತಿಳಿ ಕಾಫಿ ಬಣ್ಣದ ಮಚ್ಚೆಗಳು ಆರು ಅಥವಾ ಅದಕ್ಕಿಂತ ಹೆಚ್ಚಿದ್ದು, ದೊಡ್ಡವರಲ್ಲಿ ಪ್ರತಿಯೊಂದೂ 15 ಮಿ.ಮೀ.ಗಿಂತ (ಮೈನೆರೆಯದ ಮಕ್ಕಳಲ್ಲಿ 5 ಮಿ.ಮೀ.ಗಿಂತ) ದೊಡ್ಡದಾಗಿದ್ದರೆ, ಕಂಕುಳಲ್ಲಿ ಸಣ್ಣ ಚುಕ್ಕೆಗಳಿದ್ದರೆ, ದಾರಿ ನ್ಯೂರೋಫೈಬ್ರೊಮಟೋಸಿಸ್ (ಇಂಥ ನರದ ಗಂಟುಗಳು ಮೈಯಲ್ಲಿ ಹಲವು ಕಡೆ ಏಳುವ ಕಾಯಿಲೆ) ಕಡೆಗೆ ತಿರುಗುತ್ತದೆ. ಅದಕ್ಕೆ ಕಣ್ಣು, ಬಿ.ಪಿ., ಬೆನ್ನುಮೂಳೆಯ ತಪಾಸಣೆ ಬೇರೆಯೇ ಇದೆ. ಒಂದೆರಡು ಕಾಫಿ ಬಣ್ಣದ ಮಚ್ಚೆ ಕೊಬ್ಬಿನ ಮಚ್ಚೆಯ ಜೊತೆಗೂ ಇರಬಹುದು, ಅಷ್ಟಕ್ಕೇ ಹೆದರಬೇಡಿ. ಇನ್ನು ಸಾಮಾನ್ಯ ಲೈಪೋಮಾ, ನಮ್ಮವರು ಕೊಬ್ಬಿನ ಗಡ್ಡೆ ಎನ್ನುವುದು, ಚರ್ಮದ ಕೆಳಗೆ ಇರುತ್ತದೆ. ಮೇಲಿನ ಚರ್ಮ ಸಹಜವಾಗಿದ್ದು, ಅಂಚನ್ನು ಒತ್ತಿದರೆ ಗಡ್ಡೆ ಬೆರಳಡಿ ಜಾರುತ್ತದೆ. ನಿಮ್ಮ ಮಗಳದ್ದು ಚರ್ಮದ್ದೇ ಗಂಟು.

ಕಣ್ಣಿಗೆ ಎಷ್ಟೇ ಖಚಿತವೆನಿಸಿದರೂ ಹೆಸರು ಗಟ್ಟಿಯಾಗುವುದು ಬಯಾಪ್ಸಿಯಿಂದ, ಅಂದರೆ ಒಂದು ತುಂಡು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದರಿಂದ. ಭಯಪಡುವ ಕೆಲಸವಲ್ಲ. ಲಿಗ್ನೋಕೇನ್ 2% ಚುಚ್ಚುಮದ್ದು 1ರಿಂದ 2 ಮಿ.ಲೀ. ಕೊಟ್ಟು ಜಾಗ ಮರಗಟ್ಟಿಸುತ್ತಾರೆ. ಮದ್ದು ಒಳಹೋಗುವಾಗ ಕೆಲವು ಸೆಕೆಂಡು ಉರಿಯುತ್ತದೆ, ಆಮೇಲೆ ಎಳೆದದ್ದು ಗೊತ್ತಾಗುತ್ತದೆ, ನೋವು ಗೊತ್ತಾಗುವುದಿಲ್ಲ. ಒಂದು ಪ್ರಾತಿನಿಧಿಕ ಗಂಟನ್ನು ಬುಡಸಮೇತ, ಎಲೆಯಾಕಾರದಲ್ಲಿ ಕತ್ತರಿಸಿ ಎರಡು ಮೂರು ಹೊಲಿಗೆ ಹಾಕುವುದು ಒಳ್ಳೆಯದು. 4 ಅಥವಾ 5 ಮಿ.ಮೀ. ಪಂಚ್ (ದುಂಡಗೆ ಕೊರೆದು ತುಂಡು ತೆಗೆಯುವ ಉಪಕರಣ) ಆದರೂ ಸರಿಯೇ, ಆದರೆ ಅದು ಚರ್ಮದಡಿಯ ಕೊಬ್ಬಿನವರೆಗೆ ಇಳಿಯಬೇಕು. ಎಡವಟ್ಟಾಗುವುದು ಇಲ್ಲೇ. ಮೇಲ್ಮೇಲೆ ಕೆತ್ತಿ ಕಳಿಸಿದ ತುಂಡಿನಲ್ಲಿ ಕೊಬ್ಬು ಇಲ್ಲದೇ ಹೋಗಬಹುದು. ಇದ್ದರೂ ಕೆಳಗಿನ ಕೊಬ್ಬಿಗೂ ಅದಕ್ಕೂ ಸಂಬಂಧವಿದೆಯೋ ಇಲ್ಲವೋ ಹೇಳಲಾಗದು. ಆಗ ವರದಿ ‘ಫೈಬ್ರೋಎಪಿಥೀಲಿಯಲ್ ಪಾಲಿಪ್’ (ಸ್ಕಿನ್ ಟ್ಯಾಗ್, ಚರ್ಮದಿಂದ ಜೋತಾಡುವ ಸಾಧಾರಣ ಗಂಟು) ಎಂದು ಬರುತ್ತದೆ, ಎಲ್ಲರೂ ಮೊದಲಿನ ಜಾಗಕ್ಕೇ ವಾಪಸ್.

ತೆಗೆದ ತುಂಡು 10% ಫಾರ್ಮಲಿನ್‌ನಲ್ಲಿ, ತುಂಡಿನ ಕನಿಷ್ಠ 10 ಪಟ್ಟು ದ್ರಾವಣದಲ್ಲಿ ಮುಳುಗಿರಬೇಕು. ಎಷ್ಟೋ ಕಡೆ ಬಾಟಲಿಯನ್ನು ಲ್ಯಾಬಿಗೆ ಒಯ್ಯುವವರು ರೋಗಿಯ ಮನೆಯವರೇ. ಆದ್ದರಿಂದ ಒಂದು ನಿಮಿಷ ನಿಂತು ನೋಡಿ. ಬಾಟಲಿಯ ಮೇಲೆ (ಮುಚ್ಚಳದ ಮೇಲಲ್ಲ) ಹೆಸರು, ವಯಸ್ಸು, ತೆಗೆದ ಜಾಗ ಬರೆದಿದೆಯೇ? ಒಳಗಿರುವುದು ಫಾರ್ಮಲಿನ್ನೇ ಅಥವಾ ಸಲೈನೇ? ಸಲೈನಿನಲ್ಲಿ ಹಾಕಿದರೆ, ಇಲ್ಲವೇ ಹತ್ತಿ ಬಟ್ಟೆಯಲ್ಲಿ ಸುತ್ತಿ ಒಣಗಲು ಬಿಟ್ಟರೆ ಅಂಗಾಂಶ ಕೆಡುತ್ತದೆ. ಮತ್ತೆ ಕತ್ತರಿಸಬೇಕಾಗುತ್ತದೆ. ಜೊತೆಯ ಚೀಟಿಯಲ್ಲಿ ‘ಗಂಟು’ ಎಂದಷ್ಟೇ ಇದ್ದರೆ ಸಾಲದು. ಎಷ್ಟು ವರ್ಷದಿಂದ, ಎಲ್ಲಿ, ಗುಂಪೋ ಒಂಟಿಯೋ, ವೈದ್ಯರ ಅನುಮಾನ ಏನು ಎಂಬುದು ಇರಲಿ. ದೊಡ್ಡ ಸ್ಕಿನ್ ಟ್ಯಾಗ್‌ನಲ್ಲೂ ಕೊಬ್ಬು ಸಿಗುವುದರಿಂದ, ಈ ನಾಲ್ಕು ಸಾಲು ಇಲ್ಲದೆ ಪೆಥಾಲಜಿಯವರು ಬರೀ ಗಾಜಿನ ಸ್ಲೈಡ್ ನೋಡಿ ತೀರ್ಮಾನ ಹೇಳುವುದು ಕಷ್ಟ.

ಪ್ರಶ್ನೆ: ನನ್ನ ತೊಡೆಯ ಗಂಟಿನ ಬಯಾಪ್ಸಿ ವರದಿಯಲ್ಲಿ ‘ರೆಟಿಕ್ಯುಲರ್ ಡರ್ಮಿಸ್‌ನಲ್ಲಿ ಕೊಲ್ಲಾಜೆನ್ ಎಳೆಗಳ ನಡುವೆ ಪಕ್ವ ಅಡಿಪೋಸೈಟ್‌ಗಳು’ ಎಂದಿದೆ. ಸ್ಲೈಡ್ ಫೋಟೋದಲ್ಲಿ ಖಾಲಿ ತೂತುಗಳು ಕಾಣುತ್ತವೆ. ಮಾಂಸ ಕೊಳೆತಿದೆಯೇ? ಮುಂದೆ ಕ್ಯಾನ್ಸರ್ ಆಗುತ್ತದೆಯೇ?
(ಓದುಗರು, ಶ್ರೀರಂಗಪಟ್ಟಣ)

ಉತ್ತರ: ಆ ಖಾಲಿ ತೂತುಗಳೇ ಕೊಬ್ಬು. ವರದಿಯಲ್ಲಿ ಅಡಿಪೋಸೈಟ್ ಎಂದರೆ ಕೊಬ್ಬಿನ ಕೋಶ, ರೆಟಿಕ್ಯುಲರ್ ಡರ್ಮಿಸ್ ಎಂದರೆ ಡರ್ಮಿಸ್‌ನ ಆಳದ ಪದರ, ಕೊಲ್ಲಾಜೆನ್ ಎಂದರೆ ಚರ್ಮಕ್ಕೆ ಗಟ್ಟಿತನ ಕೊಡುವ ಎಳೆ. ಸ್ಲೈಡ್ ತಯಾರಿಸುವಾಗ ತುಂಡನ್ನು ಆಲ್ಕೊಹಾಲ್, ಆಮೇಲೆ ಕ್ಸೈಲೀನ್‌ನಲ್ಲಿ ಹಾಯಿಸುತ್ತಾರೆ. ಕೊಬ್ಬು ಅದರಲ್ಲಿ ಕರಗಿಹೋಗುತ್ತದೆ, ಕೋಶದ ಹೊರಪೊರೆ ಮಾತ್ರ ಉಳಿಯುತ್ತದೆ. ಬಣ್ಣ ಹಾಕಿದಾಗ ದಪ್ಪ ಗುಲಾಬಿ ಎಳೆಗಳು ಕೊಲ್ಲಾಜೆನ್, ಅವುಗಳ ಸಂದಿಯಲ್ಲಿ ತೆಳು ಗೋಡೆಯ ಬಿಳಿ ಉಂಗುರಗಳು ಕೊಬ್ಬಿನ ಕೋಶ, ಉಂಗುರದ ಅಂಚಿಗೆ ಒತ್ತಿಕೊಂಡ ನೀಲಿ ಗೀರು ಅದರ ನ್ಯೂಕ್ಲಿಯಸ್. ಸಣ್ಣ ರಕ್ತನಾಳಗಳ ಸುತ್ತ ಈ ಉಂಗುರಗಳು ಹೆಚ್ಚಾಗಿ ನೆರೆದಿರುತ್ತವೆ. ಕೊಳೆತದ್ದು ಏನೂ ಇಲ್ಲ.

‘ಪಕ್ವ’ ಎಂಬುದು ನಿಮಗೆ ಸಮಾಧಾನ ಕೊಡಬೇಕಾದ ಪದ. ಕ್ಯಾನ್ಸರ್ ಕೋಶಗಳಿಗೆ ಪೆಥಾಲಜಿಸ್ಟ್ ಸಾಮಾನ್ಯವಾಗಿ ಆ ಪದ ಬಳಸುವುದಿಲ್ಲ. ಕೊಬ್ಬಿನ ಮಚ್ಚೆ ಕ್ಯಾನ್ಸರಿಗೆ ತಿರುಗುವ ಕಾಯಿಲೆಯಲ್ಲ, ಅದಕ್ಕಾಗಿ ವರ್ಷ ವರ್ಷ ಸ್ಕ್ಯಾನ್ ಮಾಡಿಸುವ ಅಗತ್ಯವೂ ಇಲ್ಲ. ಮತ್ತೆ ತೋರಿಸಬೇಕಾದ ಸಂದರ್ಭಗಳು ಬೇರೆ: ಕೆಲವೇ ತಿಂಗಳಲ್ಲಿ ಗಂಟು ಗಮನಕ್ಕೆ ಬರುವಷ್ಟು ಬೆಳೆದರೆ, ಮೆತ್ತಗಿದ್ದದ್ದು ಗಟ್ಟಿಯಾದರೆ, ತಾನಾಗಿ ರಕ್ತ ಬಂದರೆ, ಹುಣ್ಣು ಮೂರು ನಾಲ್ಕು ವಾರ ಕಳೆದರೂ ಮಾಯದಿದ್ದರೆ. ಚರ್ಮದಡಿ ಆಳದಲ್ಲಿ 5 ಸೆಂ.ಮೀ. ಮೀರಿದ, ಬೆಳೆಯುತ್ತಲೇ ಇರುವ ಗಡ್ಡೆಯಿದ್ದರೆ ಅದರ ಲೆಕ್ಕವೇ ಬೇರೆ. ಅದಕ್ಕೆ ಮೊದಲು ಸ್ಕ್ಯಾನ್, ಆಮೇಲೆ ಕತ್ತರಿ.

ಪ್ರಶ್ನೆ: ವಯಸ್ಸು 46. ತೊಡೆಸಂದಿಯ ಹತ್ತಿರ ನೆಲ್ಲಿಕಾಯಿ ಗಾತ್ರದ ಒಂದೇ ಗಂಟು ಸಣ್ಣ ತೊಟ್ಟಿನಲ್ಲಿ ನೇತಾಡುತ್ತಿತ್ತು. ಪರಿಚಯದವರು ಹೇಳಿದಂತೆ ನಾಲ್ಕು ದಿನದ ಹಿಂದೆ ರೇಷ್ಮೆ ದಾರ ಬಿಗಿದು ಕಟ್ಟಿದೆ. ಈಗ ಕಪ್ಪಾಗಿದೆ, ನೀರು ಸೋರುತ್ತಿದೆ, ವಾಸನೆ. ಬುಡಕ್ಕೆ ಸುಣ್ಣ ಹಚ್ಚಿದರೆ ಬೇಗ ಉದುರುತ್ತದೆ ಅನ್ನುತ್ತಾರೆ. ಹಚ್ಚಲೇ?
(ಓದುಗರು, ಮದ್ದೂರು)

ಉತ್ತರ: ಹಚ್ಚಬೇಡಿ. ಪತ್ರಿಕೆ ನಿಮ್ಮ ಕೈ ಸೇರುವ ತನಕ ಕಾಯಬಾರದೆಂದು ಈ ಉತ್ತರವನ್ನು ಮೊದಲೇ ಫೋನಿನಲ್ಲಿ ತಿಳಿಸಿದ್ದೇವೆ. ಬೇರೆಯವರಿಗೂ ಉಪಯೋಗವಾಗಲೆಂದು ಅಚ್ಚು ಹಾಕುತ್ತಿದ್ದೇವೆ.

ದಾರ ಕಟ್ಟಿದಾಗ ಮೊದಲು ಮುಚ್ಚುವುದು ರಕ್ತ ವಾಪಸ್ ಒಯ್ಯುವ ಅಭಿಧಮನಿ. ಒಳಗೆ ಬರುವ ರಕ್ತ ಇನ್ನೂ ಬರುತ್ತಲೇ ಇರುತ್ತದೆ. ಹಾಗಾಗಿ ಗಂಟು ಊದಿ, ನೇರಳೆಯಾಗಿ, ಆಮೇಲೆ ಸಾಯುತ್ತದೆ. ದಾಸವಾಳದ ಮೊಗ್ಗಿನ ತೊಟ್ಟಿನಷ್ಟು ತೆಳುವಾಗಿದ್ದರೆ ಉದುರಲೂಬಹುದು. ಕೊಬ್ಬಿನ ಮಚ್ಚೆಯ ಬುಡ ಸಾಮಾನ್ಯವಾಗಿ ಅಷ್ಟು ತೆಳುವಲ್ಲ. ಅರ್ಧ ಸತ್ತು ಅರ್ಧ ಬದುಕಿ, ತೊಡೆಸಂದಿಯ ಬೆವರಿನಲ್ಲಿ ಕೀವು ತುಂಬುತ್ತದೆ. ಸುಣ್ಣ ಕ್ಷಾರ. ಆಮ್ಲದ ಸುಟ್ಟಗಾಯಕ್ಕಿಂತ ಕ್ಷಾರದ್ದು ಆಳಕ್ಕೆ ಇಳಿಯುತ್ತದೆ, ಅದಕ್ಕೆ ಸೋಡಾ ಬೆರೆಸಿದರೆ ಇನ್ನೂ ಕೆಟ್ಟದು. ಕರಿಗೇರು ಬೀಜದ ಎಣ್ಣೆಯೂ ಹಾಗೇ, ಗಂಟಿನ ಸುತ್ತಲಿನ ಒಳ್ಳೆಯ ಚರ್ಮವನ್ನೇ ಬೊಬ್ಬೆ ಎಬ್ಬಿಸುತ್ತದೆ.

ಈ ಸ್ಥಿತಿಯಲ್ಲಿ ಮಾಡಬೇಕಾದದ್ದು: ದಾರವನ್ನು ನೀವೇ ಕತ್ತರಿಸಿ ಎಳೆಯಬೇಡಿ, ರಕ್ತ ಬರಬಹುದು. ಸೋಪು ನೀರಿನಲ್ಲಿ ತೊಳೆದು, ಶುದ್ಧ ಒಣ ಬಟ್ಟೆ ಮುಚ್ಚಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಅವರು ಮರಗಟ್ಟಿಸಿ ಸತ್ತ ಭಾಗವನ್ನು ಬುಡಸಮೇತ ತೆಗೆಯುತ್ತಾರೆ. ಸೋಂಕು ಹರಡಿದ್ದರೆ ಆಂಟಿಬಯೋಟಿಕ್ ಕೊಡುತ್ತಾರೆ. ಇಂಥ ಕೊಳಕು ಗಾಯಕ್ಕೆ ಕೊನೆಯ ಧನುರ್ವಾಯು ಚುಚ್ಚುಮದ್ದು ಪಡೆದು 5 ವರ್ಷ ದಾಟಿದ್ದರೆ ಇನ್ನೊಂದು ಬೇಕು. ಚಳಿ ಜ್ವರ ಬಂದರೆ, ಕೆಂಪು ಸುತ್ತಲೂ ಹಬ್ಬುತ್ತಿದ್ದರೆ, ಅಥವಾ ನಿಮಗೆ ಸಕ್ಕರೆ ಕಾಯಿಲೆ ಇದ್ದರೆ ರಾತ್ರಿಯಾದರೂ ಸರಿ ಹೊರಡಬೇಕು. ತೆಗೆದ ತುಂಡನ್ನು ಕಸಕ್ಕೆ ಹಾಕದೆ ಬಯಾಪ್ಸಿಗೆ ಕಳಿಸಲು ಹೇಳಿ. ಪೂರ್ತಿ ಸತ್ತ ಅಂಗಾಂಶದಲ್ಲಿ ಉತ್ತರ ಸಿಗದಿರಬಹುದು, ಆದರೂ ಬುಡದ ಜೀವಂತ ಭಾಗದಲ್ಲಿ ಸಿಗುವ ಸಾಧ್ಯತೆ ಇದೆ.

ಒಂಟಿ ಗಂಟಿನ ಬಗ್ಗೆ ಒಂದು ಮಾತು. ಕೊಬ್ಬಿನ ಮಚ್ಚೆಯ ಎರಡನೆಯ ಬಗೆ ಹೀಗೇ ಒಂಟಿಯಾಗಿ, 20 ವರ್ಷ ದಾಟಿದ ಮೇಲೆ ಬರುತ್ತದೆ. ಅದಕ್ಕೆ ಇಂಥದ್ದೇ ಜಾಗ ಎಂಬ ನಿಯಮವಿಲ್ಲ. ನೋಡುವುದಕ್ಕೆ ದೊಡ್ಡ ಸ್ಕಿನ್ ಟ್ಯಾಗ್. ಸೂಕ್ಷ್ಮದರ್ಶಕವಿಲ್ಲದೆ ಎರಡನ್ನೂ ಬೇರ್ಪಡಿಸುವ ಪ್ರಯತ್ನ ವ್ಯರ್ಥ. ಚಿಕಿತ್ಸೆ ಎರಡಕ್ಕೂ ಒಂದೇ ಆದ್ದರಿಂದ ಅದರಿಂದ ನಷ್ಟವೂ ಇಲ್ಲ.

ಪ್ರಶ್ನೆ: ವಯಸ್ಸು 29. ನಂಜನಗೂಡಿನ ಕಾರ್ಖಾನೆಯಲ್ಲಿ ಕೆಲಸ, ದಿನಾ ಮೈಸೂರಿನಿಂದ ಬೈಕಿನಲ್ಲಿ ಹೋಗಿಬರುತ್ತೇನೆ. ಬಲ ಪಿರ್ರೆಯ ಮೇಲೆ ಕೊಬ್ಬಿನ ಮಚ್ಚೆ ಎಂದು ಬಯಾಪ್ಸಿಯಲ್ಲಿ ಗೊತ್ತಾಗಿದೆ. 9 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲ. ಬೆಲ್ಟ್ ಉಜ್ಜಿ ಆಗಾಗ ಕಿತ್ತುಹೋಗುತ್ತದೆ. ಒಬ್ಬರು ಆಪರೇಷನ್ ಅನ್ನುತ್ತಾರೆ, ಒಬ್ಬರು ಲೇಸರ್, ಇನ್ನೊಂದು ಕಡೆ ಕೊಬ್ಬು ಕರಗಿಸುವ ಇಂಜೆಕ್ಷನ್. ಯಾವುದು ಸರಿ? ಎಷ್ಟು ದಿನ ರಜೆ ಬೇಕು?
(ಓದುಗರು, ಮೈಸೂರು)

ಉತ್ತರ: ತೊಂದರೆ ಕೊಡದ ಕೊಬ್ಬಿನ ಮಚ್ಚೆಯನ್ನು ಮುಟ್ಟದೇ ಬಿಡುವುದೇ ಒಳ್ಳೆಯ ಚಿಕಿತ್ಸೆ. ನಿಮ್ಮದು ಉಜ್ಜಿ ಕಿತ್ತುಹೋಗುತ್ತಿದೆ, ಹಾಗಾಗಿ ತೆಗೆಸುವುದಕ್ಕೆ ಕಾರಣ ಇದೆ. ನಮ್ಮ ಆಯ್ಕೆ ಆಪರೇಷನ್. ಕೊಬ್ಬು ಡರ್ಮಿಸ್‌ನ ಆಳದವರೆಗೂ ಇರುವುದರಿಂದ ಆ ಚರ್ಮದ ಪೂರ್ಣ ದಪ್ಪವನ್ನು ತೆಗೆದರೆ ಮಾತ್ರ ಕೆಲಸ ಮುಗಿಯುತ್ತದೆ. ಪೂರ್ತಿ ತೆಗೆದ ಮೇಲೆ ಮತ್ತೆ ಬರುವುದು ಅಪರೂಪ. ತುಂಡೂ ಪೂರ್ತಿಯಾಗಿ ಪರೀಕ್ಷೆಗೆ ಸಿಗುತ್ತದೆ.

ಆಪರೇಷನ್ ಕೋಣೆಯೊಳಗೆ ಹೋಗುವ ಮುಂಚೆ ಗಾಯದ ಗೆರೆ ಎಷ್ಟು ಉದ್ದ ಬರುತ್ತದೆ ಎಂದು ಕೇಳಿಕೊಳ್ಳಿ. ಚರ್ಮವನ್ನು ಎಲೆಯಾಕಾರದಲ್ಲಿ ಕತ್ತರಿಸುವಾಗ ಉದ್ದ ಸುಮಾರು ಅಗಲದ ಮೂರು ಪಟ್ಟು ಇರಬೇಕು, ಇಲ್ಲದಿದ್ದರೆ ಎರಡೂ ತುದಿಗಳಲ್ಲಿ ಚರ್ಮ ಉಬ್ಬಿ ನಿಲ್ಲುತ್ತದೆ. 4 ಸೆಂ.ಮೀ. ಅಗಲ ಎಂದರೆ ಹೆಚ್ಚು ಕಡಿಮೆ 12 ಸೆಂ.ಮೀ. ಗೆರೆ. ಇದನ್ನು ಮೊದಲೇ ಹೇಳದಿದ್ದರೆ ‘ಗಂಟು ಇಷ್ಟೇ ಇತ್ತಲ್ಲ’ ಎಂಬ ಜಗಳ ಹೊಲಿಗೆ ಬಿಚ್ಚುವ ದಿನ ಶುರುವಾಗುತ್ತದೆ. ಡಾಕ್ಟರ್ ನಿಮ್ಮನ್ನು ನಿಲ್ಲಿಸಿ, ಬಗ್ಗಿಸಿ, ಎರಡೂ ಕಡೆಯ ಚರ್ಮವನ್ನು ಬೆರಳಲ್ಲಿ ಹಿಡಿದು ಸೇರಿಸಿ ನೋಡುತ್ತಾರೆ. ಸಲೀಸಾಗಿ ಸೇರಿದರೆ ಒಂದೇ ಸಲ ತೆಗೆಯಬಹುದು. ಬಿಗಿಯಾದರೆ ಎರಡು ಹಂತ, ನಡುವೆ ಕೆಲವು ತಿಂಗಳ ಬಿಡುವು, ಅಷ್ಟರಲ್ಲಿ ಚರ್ಮ ಸಡಿಲವಾಗುತ್ತದೆ. ತೀರಾ ದೊಡ್ಡದಕ್ಕೆ ಚರ್ಮ ಕಸಿ ಬೇಕಾಗುವುದುಂಟು.

ನಿಮ್ಮ ಗಾತ್ರಕ್ಕೆ ಜಾಗ ಮರಗಟ್ಟಿಸಿಯೇ ಮಾಡಬಹುದು. ಅಡ್ರಿನಲಿನ್ ಬೆರೆತ ಲಿಗ್ನೋಕೇನ್‌ನ ಮಿತಿ ದೇಹತೂಕದ ಪ್ರತಿ ಕೆ.ಜಿ.ಗೆ 7 ಮಿ.ಗ್ರಾಂ. 2% ಮದ್ದಿನ ಪ್ರತಿ ಮಿ.ಲೀ.ನಲ್ಲಿ 20 ಮಿ.ಗ್ರಾಂ. ಇರುವುದರಿಂದ 60 ಕೆ.ಜಿ. ತೂಗುವವರಿಗೆ 21 ಮಿ.ಲೀ. ಮೇಲ್ಮಿತಿ. ಅಗಲವಾದ ಜಾಗಕ್ಕೆ ಮದ್ದನ್ನು ಸಲೈನಿನಲ್ಲಿ ಅರ್ಧಕ್ಕೆ ತೆಳುಮಾಡಿ ಹಾಕುತ್ತಾರೆ. ಮುಂಚಿತವಾಗಿ ರಕ್ತದ ಸಕ್ಕರೆ, ಎಚ್‌ಐವಿ, ಹೆಪಟೈಟಿಸ್ ಬಿ ಪರೀಕ್ಷೆ ಇರುತ್ತದೆ. ಹಲ್ಲು ಕೀಳಿಸುವಾಗ ಇಂಜೆಕ್ಷನ್‌ಗೆ ತಲೆಸುತ್ತು, ದದ್ದು ಬಂದಿದ್ದರೆ ಹೇಳಿ. ಹೃದಯಕ್ಕೆಂದು ಆಸ್ಪಿರಿನ್, ಕ್ಲೋಪಿಡೊಗ್ರೆಲ್ ತೆಗೆದುಕೊಳ್ಳುವವರು ಇಂಥ ಚರ್ಮದ ಆಪರೇಷನ್‌ಗೆ ತಾವೇ ಮಾತ್ರೆ ನಿಲ್ಲಿಸಬಾರದು.

ಹೊಲಿಗೆ ಎರಡು ಪದರ. ಒಳಗೆ ಕರಗುವ ದಾರ, ಮೇಲೆ ನೈಲಾನ್. ಒಳಹೊಲಿಗೆ ಬಿಟ್ಟು ಮೇಲಿನದ್ದನ್ನಷ್ಟೇ ಹಾಕಿದರೆ, ಪಿರ್ರೆಯಂಥ ಕಡೆ ಕೂತಾಗ ಬೀಳುವ ಎಳೆತಕ್ಕೆ ಗಾಯ ಬಾಯಿ ಬಿಡುತ್ತದೆ, ಮಾಯ್ದ ಮೇಲೂ ಕಲೆ ಅಗಲವಾಗುತ್ತದೆ. ಮುಖದ ಹೊಲಿಗೆಯಂತೆ ಐದಾರು ದಿನಕ್ಕೆ ಇದನ್ನು ಬಿಚ್ಚಬಾರದು. 12ರಿಂದ 14 ದಿನ ಬೇಕು.

ರಜೆ ಕೇಳಿದಿರಿ. ಎರಡು ವಾರ ಹಾಕಿಬಿಡಿ. ಮೊದಲ 48 ಗಂಟೆ ಡ್ರೆಸ್ಸಿಂಗ್ ಒದ್ದೆಯಾಗಬಾರದು, ಆಮೇಲೆ ಸ್ನಾನ ಮಾಡಿ ಒತ್ತಿ ಒರೆಸಿಕೊಂಡರೆ ಸಾಕು. ಬೋರಲು ಅಥವಾ ಎಡಮಗ್ಗುಲಾಗಿ ಮಲಗಿ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರುವುದು, ಕುಕ್ಕುರುಗಾಲಿನ ಕಕ್ಕಸು, ಎರಡೂ ಗಾಯವನ್ನು ಹಿಗ್ಗಿಸುತ್ತವೆ. ಹೊಲಿಗೆ ಬಿಚ್ಚುವ ತನಕ ಕಮೋಡ್ ಬಳಸುವ ಏರ್ಪಾಡು ಮಾಡಿಕೊಳ್ಳಿ. ಬೈಕ್ ಮೂರು ವಾರ ಬೇಡ. ನಂಜನಗೂಡಿಗೆ ಬಸ್ಸು, ರೈಲು ಎರಡೂ ಇವೆ. ಭಾರ ಎತ್ತುವುದು ಒಂದು ತಿಂಗಳಾದ ಮೇಲೆ. ಗಾಯದಡಿ ನೀರು ಅಥವಾ ರಕ್ತ ತುಂಬಿ ಉಬ್ಬಿದರೆ, ನೋವು ಇಳಿಯುವ ಬದಲು ಮೂರನೇ ದಿನದಿಂದ ಏರಿದರೆ ಹೊಲಿಗೆ ಬಿಚ್ಚುವ ದಿನಕ್ಕೆ ಕಾಯದೆ ಹೋಗಿ ತೋರಿಸಿ. ಹಿಂದಿನ ಗಾಯಗಳು ದಪ್ಪ ಕಲೆಯಾಗಿ ಏಳುವ ಕೀಲಾಯ್ಡ್ ಗುಣ ನಿಮ್ಮ ಮೈಗಿದ್ದರೆ ಮೊದಲೇ ಹೇಳಬೇಕು.

ಕಾರ್ಬನ್ ಡೈಆಕ್ಸೈಡ್ ಲೇಸರ್ ಮೇಲಿನಿಂದ ಪದರ ಪದರವಾಗಿ ಆವಿ ಮಾಡುತ್ತದೆ. ಆಪರೇಷನ್‌ಗೆ ಒಗ್ಗದವರಿಗೆ, ಅಥವಾ ಕೂಡಿ ಬೆಳೆಯದ ಸಣ್ಣ ಗಂಟುಗಳಿಗೆ ಅದು ಸರಿ. ಆಳ ಕಡಿಮೆಯಾದರೆ ಕೊಬ್ಬು ಉಳಿದು ಮತ್ತೆ ಉಬ್ಬುತ್ತದೆ, ಹೆಚ್ಚಾದರೆ ಕಲೆ. ಪರೀಕ್ಷೆಗೆ ತುಂಡೂ ಉಳಿಯುವುದಿಲ್ಲ. ಆದ್ದರಿಂದ ಬಯಾಪ್ಸಿ ಆಗದೆ ಲೇಸರ್ ಎಂದರೆ ಬೇಡ ಎನ್ನಿ. ದ್ರವ ಸಾರಜನಕದಿಂದ (ಮೈನಸ್ 196 ಡಿಗ್ರಿ ಸೆಲ್ಸಿಯಸ್) ಹೆಪ್ಪುಗಟ್ಟಿಸುವ ಕ್ರಯೋ ಚಿಕಿತ್ಸೆಗೆ ಹಲವು ಸಲ ಹೋಗಬೇಕು. ನಮ್ಮ ಕಂದು ಚರ್ಮದಲ್ಲಿ ಬಣ್ಣದ ಕೋಶಗಳೇ ಎಲ್ಲಕ್ಕಿಂತ ಮೊದಲು ಚಳಿಗೆ ಸಾಯುವುದರಿಂದ ಬಿಳಿ ಮಚ್ಚೆ ಉಳಿಯಬಹುದು. ಇನ್ನು ಕೊಬ್ಬು ಕರಗಿಸುವ ಇಂಜೆಕ್ಷನ್. ಡಿಆಕ್ಸಿಕೋಲಿಕ್ ಆಮ್ಲಕ್ಕೆ ಅಮೆರಿಕದಲ್ಲಿ 2015ರಲ್ಲಿ ಅನುಮತಿ ಸಿಕ್ಕಿದ್ದು ಗದ್ದದಡಿಯ ಕೊಬ್ಬಿಗೆ, ಚರ್ಮದಡಿಯ ಪದರಕ್ಕೆ. ಡರ್ಮಿಸ್ ಒಳಗೇ ಅದನ್ನು ಚುಚ್ಚಿದರೆ ಚರ್ಮವೇ ಸತ್ತು ಹುಣ್ಣಾಗುವ ಅಪಾಯವಿದೆ. ಕೊಬ್ಬಿನ ಮಚ್ಚೆಗೆ ಅದನ್ನು ಪ್ರಯತ್ನಿಸಿದ ವರದಿಗಳು ಕೆಲವೇ. 4 ಸೆಂ.ಮೀ. ಅಗಲದ ಮಚ್ಚೆಗೆ ಅದನ್ನು ನಾವು ಹೇಳುವುದಿಲ್ಲ.

ಪ್ರಶ್ನೆ: ನಮ್ಮ ಮಗುವಿಗೆ 8 ತಿಂಗಳು. ಬೆನ್ನಿನ ಕೆಳಗೆ, ಸರಿಯಾಗಿ ನಡುವೆ, ಮೆತ್ತನೆಯ ಉಬ್ಬು ಹುಟ್ಟಿನಿಂದ ಇದೆ. ಮೇಲೆ ಕೂದಲು ಸ್ವಲ್ಪ ಜಾಸ್ತಿ. ಕೊಬ್ಬಿನ ಗಡ್ಡೆ, ದೊಡ್ಡವನಾದ ಮೇಲೆ ತೆಗೆಸಿ ಅಂದರು. ಇದೂ ನೀವು ಹೇಳುವ ಮಚ್ಚೆಯೇ?
(ತಂದೆ, ಕೆ.ಆರ್. ಪೇಟೆ)

ಉತ್ತರ: ಇದನ್ನು ಆ ಪಟ್ಟಿಗೆ ಸೇರಿಸಬೇಡಿ. ಬೆನ್ನುಮೂಳೆಯ ಮೇಲೆ ಸರಿಯಾಗಿ ನಡುವೆ ಇರುವ ಮೆತ್ತನೆ ಉಬ್ಬು, ಅದರ ಮೇಲೆ ಕೂದಲಿನ ಜೊಂಪೆ, ಆಳವಾದ ಗುಳಿ ಅಥವಾ ಕೆಂಪು ಮಚ್ಚೆ ಇದ್ದರೆ, ಒಳಗೆ ಬೆನ್ನುಹುರಿಯೇ ಕೊಬ್ಬಿಗೆ ಅಂಟಿಕೊಂಡಿರುವ ಹುಟ್ಟುದೋಷ ಇಲ್ಲವೆಂದು ಮೊದಲು ಖಾತ್ರಿ ಮಾಡಿಕೊಳ್ಳಬೇಕು. ಹೀಗೆ ಅಂಟಿಕೊಂಡ ಹುರಿ ಮಗು ಬೆಳೆದಂತೆ ಎಳೆತಕ್ಕೆ ಸಿಕ್ಕಿ ಕಾಲಿನ ಬಲ, ಮೂತ್ರದ ಹಿಡಿತ ಕೆಡುತ್ತದೆ. ಎಳೆಗೂಸಾಗಿದ್ದಾಗ, ಮೊದಲ ಮೂರು ನಾಲ್ಕು ತಿಂಗಳು ಅಲ್ಟ್ರಾಸೌಂಡ್ ಸಾಕಾಗುತ್ತದೆ. ಆಮೇಲೆ ಮೂಳೆ ಗಟ್ಟಿಯಾಗಿ ಅದು ಒಳಗೆ ಕಾಣುವುದಿಲ್ಲ. 8 ತಿಂಗಳಿಗೆ ಎಂ.ಆರ್.ಐ. ಬೇಕು. ಎಂ.ಆರ್.ಐ. ಆಗುವ ತನಕ ಯಾರೂ ಅಲ್ಲಿ ಸೂಜಿ ಹಾಕಬಾರದು, ಬಯಾಪ್ಸಿ ಮಾಡಬಾರದು, ಕಾಟರಿಯಿಂದ (ವಿದ್ಯುತ್ತಿನಿಂದ ಕಾಯಿಸಿದ ಉಪಕರಣ) ಸುಡಬಾರದು. ಮಕ್ಕಳ ವೈದ್ಯರಿಗೆ ಈ ವಾರವೇ ತೋರಿಸಿ, ನರಶಸ್ತ್ರಚಿಕಿತ್ಸಕರಿಗೆ ಚೀಟಿ ಬರೆಸಿಕೊಳ್ಳಿ. ಎರಡೂ ಕಾಲು ಸಮವಾಗಿ ಒದೆಯುತ್ತಾನೆಯೇ, ಪಾದಗಳು ಒಂದೇ ಗಾತ್ರವೇ, ಮೂತ್ರ ಧಾರೆಯಾಗಿ ಬರುತ್ತದೆಯೇ ಅಥವಾ ಸದಾ ತೊಟ್ಟಿಕ್ಕುತ್ತದೆಯೇ ಎಂದು ಗಮನಿಸಿ ಅವರಿಗೆ ಹೇಳಿ. ಎಂ.ಆರ್.ಐ.ನಲ್ಲಿ ಏನೂ ಇಲ್ಲವೆಂದರೆ ನಿಶ್ಚಿಂತೆ. ದೊಡ್ಡವನಾಗಲಿ ಎಂದು ಕಾಯುವ ಮಾತು ಅದರ ನಂತರದ್ದು.

ಪ್ರಶ್ನೆ: 54 ವರ್ಷ, ಸಕ್ಕರೆ ಕಾಯಿಲೆ ಇದೆ. ಆಲೆಮನೆಯಲ್ಲಿ ಕೆಲಸ. ಸೊಂಟದ ಪಕ್ಕ ಚಿಕ್ಕಂದಿನಿಂದ ಇರುವ ಗಂಟುಗಳ ಮಡಿಕೆಯಲ್ಲಿ ಈಗ ತುರಿಕೆ, ವಾಸನೆ. ಲಂಗದ ಲಾಡಿ ಕಟ್ಟುವ ಕಡೆ ಉರಿ. ಅಂಗಡಿಯಲ್ಲಿ ಕೊಟ್ಟ ಟ್ಯೂಬ್ ಹಚ್ಚಿದರೆ ಎರಡು ದಿನ ಕಮ್ಮಿ, ಮತ್ತೆ ಜಾಸ್ತಿ.
(ಓದುಗರು, ಪಾಂಡವಪುರ)

ಉತ್ತರ: ತುರಿಕೆ ಗಂಟಿನದ್ದಲ್ಲ, ಮಡಿಕೆಯಲ್ಲಿ ಕೂತ ಬೆವರಿನಲ್ಲಿ ಬೆಳೆದ ಶಿಲೀಂಧ್ರದ್ದು. ಕೊಪ್ಪರಿಗೆಯ ಮುಂದೆ ನಿಂತು ಮಾಡುವ ಕೆಲಸ, ಮೇಲೆ ಸಕ್ಕರೆ ಕಾಯಿಲೆ. ಇದಕ್ಕಿಂತ ಒಳ್ಳೆಯ ಜಾಗ ಅದಕ್ಕೆ ಸಿಗದು. ಎರಡು ದಿನ ಕಮ್ಮಿಯಾಗಿ ಮತ್ತೆ ಏರುವ ಟ್ಯೂಬ್‌ನಲ್ಲಿ ಬಹುತೇಕ ಸ್ಟೀರಾಯ್ಡ್ ಇರುತ್ತದೆ. ಟ್ಯೂಬಿನ ಮೇಲಿನ ಸಣ್ಣ ಅಕ್ಷರಗಳನ್ನು ಮಕ್ಕಳ ಕೈಲಿ ಓದಿಸಿ. ಕ್ಲೋಬೆಟಾಸಾಲ್, ಬೆಕ್ಲೊಮೆಟಾಸೋನ್, ಬೀಟಾಮೆಟಾಸೋನ್ ಇವುಗಳಲ್ಲಿ ಯಾವುದಿದ್ದರೂ ನಿಲ್ಲಿಸಿ. ಅದು ಕೆಂಪನ್ನು ಅಡಗಿಸುತ್ತದೆ, ಶಿಲೀಂಧ್ರಕ್ಕೆ ದಾರಿ ಬಿಡುತ್ತದೆ, ಚರ್ಮವನ್ನು ತೆಳುಮಾಡುತ್ತದೆ.

ದಿನಕ್ಕೆ ಎರಡು ಸಲ ತೊಳೆದು, ಮಡಿಕೆ ಬಿಡಿಸಿ, ಪೂರ್ತಿ ಒಣಗಿಸಿ ಬರೀ ಕ್ಲೋಟ್ರಿಮಜೋಲ್ 1% ಕ್ರೀಮ್ ತೆಳುವಾಗಿ ಹಚ್ಚಿ. ತುರಿಕೆ ನಿಂತ ಮೇಲೂ ಎರಡು ವಾರ ಮುಂದುವರಿಸಬೇಕು. ಬೇಗ ನಿಲ್ಲಿಸುವುದರಿಂದಲೇ ಇದು ಮರುಕಳಿಸುವುದು. ಲಾಡಿಯ ಬದಲು ಅಗಲ ಪಟ್ಟಿಯ, ಹತ್ತಿಯ ಲಂಗ ಹಾಕಿ, ಗಂಟಿನ ಮೇಲೆ ಬಾರದಂತೆ ಕಟ್ಟಿ. ಒಂದು ತಿಂಗಳಲ್ಲಿ ಹತೋಟಿಗೆ ಬಾರದಿದ್ದರೆ ಸಕ್ಕರೆಯ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಮಾಡಿಸಿಕೊಂಡೇ ಚರ್ಮದ ಡಾಕ್ಟರ ಬಳಿ ಹೋಗಿ. ಗಂಟು ತೆಗೆಸುವ ಮಾತು ಸಕ್ಕರೆ ಹತೋಟಿಗೆ ಬಂದ ಮೇಲೆ.

ಚುಟುಕು ಉತ್ತರಗಳು

ಎಣ್ಣೆ, ತುಪ್ಪ, ಬಾಡೂಟ ಬಿಟ್ಟರೆ ಕರಗುತ್ತದೆಯೇ? (ಮಳವಳ್ಳಿ) ಇಲ್ಲ. ತಿನ್ನುವ ಕೊಬ್ಬಿಗೂ ಇದಕ್ಕೂ ನೆಂಟಸ್ತಿಕೆ ಇಲ್ಲ. ಸಣಕಲು ಮೈಯವರಿಗೂ ಬರುತ್ತದೆ.

ಮಗಳಿಗೆ ಗಂಡು ನೋಡುತ್ತಿದ್ದೇವೆ. ಅವಳ ಮಕ್ಕಳಿಗೂ ಬರುತ್ತದೆಯೇ, ಮುಟ್ಟಿದರೆ ಅಂಟುತ್ತದೆಯೇ? (ಹುಣಸೂರು) ಅಂಟುವುದಿಲ್ಲ. ವಂಶಪಾರಂಪರ್ಯವೆಂದೂ ಸಾಮಾನ್ಯವಾಗಿ ಕಂಡಿಲ್ಲ. ಮದುವೆ ಗೊತ್ತಾಗುವ ಮುಂಚೆ ಅವಸರದಲ್ಲಿ ತೆಗೆಸಿ ಅಗಲ ಕಲೆ ಮಾಡಿಕೊಳ್ಳುವುದಕ್ಕಿಂತ ಹುಡುಗಿಯ ಇಷ್ಟ ಕೇಳಿ.

ಐದು ತಿಂಗಳ ಬಸುರಿ, ಸೊಂಟದ ಹಿಂದೆ ಗಂಟುಗಳಿವೆ. (ತಿ. ನರಸೀಪುರ) ಮಗುವಿಗೆ ತೊಂದರೆಯಿಲ್ಲ, ತೆಗೆಸುವುದಾದರೆ ಹೆರಿಗೆಯ ನಂತರ. ಸಿಸೇರಿಯನ್ ಆಗುವ ಸಂದರ್ಭ ಬಂದರೆ ಬೆನ್ನಿಗೆ ಸೂಜಿ ಹಾಕುವ ಅರಿವಳಿಕೆ ವೈದ್ಯರಿಗೆ ಮೊದಲೇ ತೋರಿಸಿ, ಗಂಟಿನ ಮೂಲಕ ಸೂಜಿ ಹೋಗಬಾರದು.

ಪ್ರಶ್ನೆ: ಇದಕ್ಕೆ ಬೆಂಗಳೂರಿಗೇ ಹೋಗಬೇಕೆ? ಖರ್ಚಿನ ಭಯ.
(ಓದುಗರು, ನಾಗಮಂಗಲ)

ಉತ್ತರ: ಬೇಕಿಲ್ಲ. ಚರ್ಮರೋಗ, ಶಸ್ತ್ರಚಿಕಿತ್ಸೆ, ಪೆಥಾಲಜಿ ಮೂರೂ ಒಂದೇ ಆವರಣದಲ್ಲಿರುವ ಯಾವ ವೈದ್ಯಕೀಯ ಕಾಲೇಜು ಆಸ್ಪತ್ರೆಯಾದರೂ ಸಾಕು. ಮಂಡ್ಯದ ಮಿಮ್ಸ್, ಮೈಸೂರಿನ ಕೆ.ಆರ್. ಆಸ್ಪತ್ರೆ ಸರ್ಕಾರದ್ದು. ನಿಮ್ಮ ತಾಲೂಕಿನಲ್ಲೇ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಬೆಳಿಗ್ಗೆಯೇ ಹೋಗಿ ಚರ್ಮರೋಗ ವಿಭಾಗದ ಹೊರರೋಗಿ ಚೀಟಿ ಮಾಡಿಸಿ. ಆಧಾರ್, ಪಡಿತರ ಚೀಟಿ, ಹಳೆಯ ವರದಿಗಳು ಜೊತೆಗಿರಲಿ. ಗಂಟು ಮೊದಲು ಹೇಗಿತ್ತೆಂದು ತೋರಿಸುವ ಹಳೆಯ ಫೋಟೋ ಮೊಬೈಲಿನಲ್ಲಿದ್ದರೆ ಇನ್ನೂ ಒಳ್ಳೆಯದು. ಬರೀ ಅಂದಕ್ಕಾಗಿ ಮಾಡುವ ಆಪರೇಷನ್‌ಗೆ ವಿಮೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಉಜ್ಜಿ ಹುಣ್ಣಾಗುತ್ತಿದ್ದರೆ, ರಕ್ತ ಬರುತ್ತಿದ್ದರೆ ಅದನ್ನು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ ಚೀಟಿಯಲ್ಲಿ ಬರೆಸಿಕೊಳ್ಳಿ. ಸಂಕೋಚದಿಂದ ಸೆರಗು ಸರಿಸದೆ, ಬಟ್ಟೆಯ ಮೇಲಿಂದಲೇ ‘ಇಲ್ಲೊಂದು ಗಂಟು’ ಎಂದು ತೋರಿಸಿ ಬರಬೇಡಿ. ಹೆಣ್ಣುಮಕ್ಕಳು ಮಹಿಳಾ ವೈದ್ಯರನ್ನು ಕೇಳಬಹುದು, ಇಲ್ಲದಿದ್ದರೆ ಪರೀಕ್ಷೆಯ ವೇಳೆ ನರ್ಸ್ ಜೊತೆಗಿರಬೇಕೆಂದು ಕೇಳಬಹುದು. ಬಯಾಪ್ಸಿ ವರದಿ ಸಾಮಾನ್ಯವಾಗಿ ಒಂದು ವಾರದ ಆಚೀಚೆ ಬರುತ್ತದೆ. ಅದರ ಮೂಲ ಪ್ರತಿ ನಿಮ್ಮ ಹತ್ತಿರವೇ ಇರಲಿ, ಆಸ್ಪತ್ರೆಗೆ ಜೆರಾಕ್ಸ್ ಕೊಡಿ.